‘ಏನಿಲ್ಲ ಬಿಡು’ ಅನ್ನುವ ಮುಂಚೆ: ಕಿವುಡರೊಡನೆ ಒಡನಾಡುವ ಬಗೆ

ಕನ್ನಡಿ ಮುಂದೆ ನಿಂತು, ದನಿ ತೆಗೆಯದೆ, ಮೂರು ಪದ ಹೇಳಿ ನೋಡಿ: ಪಾಡು, ಬಾಡು, ಮಾಡು. ತುಟಿ ಮೂರು ಸಲವೂ ಒಂದೇ ರೀತಿ ಕೂಡಿ ಬಿಚ್ಚಿಕೊಳ್ಳುತ್ತದೆ. ಇನ್ನು ಕಲ್ಲು, ಹಲ್ಲು ಅನ್ನಿ. ಕಕಾರ ಹುಟ್ಟುವುದು ನಾಲಿಗೆಯ ಬುಡದಲ್ಲಿ, ಹಕಾರ ಅದಕ್ಕೂ ಕೆಳಗೆ ಗಂಟಲಲ್ಲಿ. ಎದುರು ಕೂತವರಿಗೆ ಎರಡೂ ಕಾಣುವುದಿಲ್ಲ. ‘ಭಾನುವಾರ ಬಾಡು ಮಾಡು’ ಎಂದು ಮಗ ಹೇಳಿದರೆ ಕಿವಿ ಕೇಳದ ತಾಯಿಗೆ ಕಾಣುವುದು ‘ಮಾಡು ಮಾಡು’ ಇದ್ದೀತು, ‘ಬಾಡು ಬಾಡು’ ಇದ್ದೀತು. ಮಿಕ್ಕದ್ದನ್ನು ಆಕೆ ಊಹಿಸಬೇಕು. ಮಗನಿಗೆ ಮೀಸೆ ದಟ್ಟವಾಗಿದ್ದರೆ ಅದೂ ಕಷ್ಟ.

ಹೀಗೆ ಊಹಿಸುತ್ತಲೇ ಇಡೀ ದಿನ ಕಳೆಯುವುದು ಎಂಥ ದಣಿವಿನ ಕೆಲಸ ಎಂಬ ಅಂದಾಜು ಕಿವಿ ಕೇಳುವವರಿಗೆ ಸಿಗುವುದಿಲ್ಲ. ‘ಅವ್ರಿಗೆ ತುಟಿ ನೋಡಿದ್ರೆ ಗೊತ್ತಾಗುತ್ತೆ, ನಿಧಾನಕ್ಕೆ ಹೇಳಿದ್ರೆ ಸಾಕು’ ಎಂಬ ನಂಬಿಕೆಯ ಮೇಲೆ ನಮ್ಮ ಬ್ಯಾಂಕು, ಆಸ್ಪತ್ರೆ, ಆಫೀಸು, ಮದುವೆ ಮನೆ ಎಲ್ಲ ನಡೆಯುತ್ತಿವೆ. ಒಂದು ಮಾತುಕತೆ ನಡೆಯಬೇಕಾದರೆ ಅದರ ಶ್ರಮವೆಲ್ಲ ಕಿವುಡರ ಪಾಲಿಗೆ. ಅದರಲ್ಲಿ ನಮ್ಮ ಪಾಲನ್ನು ನಾವು ಹೊರುವುದು ಹೇಗೆ ಎಂಬುದಷ್ಟೇ ಈ ಬರಹ. ಕರುಣೆಗೆ ಇಲ್ಲಿ ಹೆಚ್ಚು ಕೆಲಸವಿಲ್ಲ. ದೀಪ ಎಲ್ಲಿದೆ, ಮುಖ ಎತ್ತ ಇದೆ, ಈಗ ಯಾರ ಸರದಿ, ದುಭಾಷಿಗೆ ಹಣ ಕೊಡುವವರು ಯಾರು, ಇಂಥ ವ್ಯವಸ್ಥೆಯ ಮಾತೇ ಜಾಸ್ತಿ.

1. ಎದುರಿಗಿರುವವರು ಯಾರು ಎಂದು ತಿಳಿದುಕೊಳ್ಳಿ

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಕೇಳುವಿಕೆಯ ತೊಂದರೆ ಇರುವವರು 50 ಲಕ್ಷಕ್ಕೂ ಹೆಚ್ಚು. ಅವರೆಲ್ಲರಿಗೂ ಒಂದೇ ಮದ್ದು ನಡೆಯುವುದಿಲ್ಲ. ವಯಸ್ಸಾಗಿ ಕಿವಿ ಮಂದವಾದ ಅಜ್ಜನ ಭಾಷೆ ಕನ್ನಡವೇ. ಹತ್ತಿರ ಕೂತು ಬಿಡಿಸಿ ಹೇಳಿದರೆ ಅವರಿಗೆ ಅನುಕೂಲ. ಶ್ರವಣ ಸಾಧನ ಹಾಕಿಕೊಂಡು ಬಾಯಲ್ಲೇ ಮಾತಾಡುವ ಹುಡುಗಿಗೆ ಸದ್ದಿಲ್ಲದ ಕೋಣೆ ಬೇಕು. ಹುಟ್ಟಿನಿಂದ ಕಿವಿ ಕೇಳದೆ, ಕಿವುಡರ ಶಾಲೆಯಲ್ಲಿ ಬೆಳೆದು, ಗೆಳೆಯರ ಜತೆ ಕೈಯಲ್ಲಿ ಹರಟುವವರಿಗೆ ಸಂಜ್ಞಾ ಭಾಷೆಯೇ ತಮ್ಮ ಭಾಷೆ, ಅದನ್ನಾಡುವ ಜನವೇ ತಮ್ಮ ಜನ. ಕಿವುಡ ಸಮುದಾಯ ಎಂದು ನಾನು ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಈ ಮೂರನೆಯವರನ್ನು.

ಯಾರು ಯಾವ ಬಗೆ ಎಂದು ನೋಡಿದೊಡನೆ ಗೊತ್ತಾಗುವುದಿಲ್ಲ. ಫೋನಿನಲ್ಲಿ ‘ಬರೆದು ಮಾತಾಡೋಣವೇ, ಸನ್ನೆಯೇ, ಬಾಯಿ ಮಾತೇ?’ ಎಂದು ಟೈಪ್ ಮಾಡಿ ತೋರಿಸಿ. ಅರ್ಧ ನಿಮಿಷದ ಕೆಲಸ.

ಹೆಸರಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ, ಎರಡನ್ನು ಬಿಟ್ಟರೆ ಸಾಕು. ‘ಕಿವುಡ-ಮೂಗ’ ಬೇಡ: ಅವರಲ್ಲಿ ಬಹುತೇಕರ ಗಂಟಲಿಗೆ ಏನೂ ಆಗಿಲ್ಲ, ಆಡಲು ಒಂದು ಭಾಷೆಯೂ ಇದೆ. ತಮಾಷೆಗೂ ‘ಲೇ ಕೆಪ್ಪ’ ಬೇಡ, ಕಿವಿ ಚೆನ್ನಾಗಿ ಕೇಳುವ ಗೆಳೆಯನಿಗೂ ಬೇಡ. ‘ಶ್ರವಣದೋಷವುಳ್ಳವರು’ ಎಂಬುದು ಸರ್ಕಾರಿ ಕಾಗದದ ಮಾತು. ಅದನ್ನು ಗೌರವವೆಂದುಕೊಂಡು ಬಳಸುವವರಿದ್ದಾರೆ, ಆದರೆ ಸಂಜ್ಞಾ ಭಾಷೆಯವರಲ್ಲಿ ಅನೇಕರಿಗೆ ತಮ್ಮನ್ನು ‘ದೋಷ’ ಎಂದು ಕರೆದುಕೊಳ್ಳುವುದು ಇಷ್ಟವಿಲ್ಲ. ‘ಡೆಫ್’ ಅನ್ನುವುದೇ ಅವರ ನಡುವೆ ಸಲೀಸು. ಅಂದ ಹಾಗೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ ನಾಲ್ಕು ಜನರ ಎದುರು ಬೇಕೆಂದೇ ಅವಮಾನಿಸಿದರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು, ಜತೆಗೆ ದಂಡ.

2. ಕರೆಯುವುದು, ನಿಲ್ಲುವುದು, ಹೇಳುವುದು

ಕರೆಯಬೇಕಾದರೆ ಅವರ ಕಣ್ಣಿಗೆ ಬೀಳುವ ಹಾಗೆ ಕೈ ಬೀಸಿ. ಹತ್ತಿರವಿದ್ದರೆ ಭುಜವನ್ನು ಮೆಲ್ಲಗೆ ಎರಡು ಸಲ ತಟ್ಟಿ. ಕಿವುಡರ ನಡುವೆ ಇದು ಮಾಮೂಲು, ಗಂಡು ಹೆಣ್ಣು ಎಂಬ ಮುಜುಗರವಿದ್ದರೆ ಪಕ್ಕಕ್ಕೆ ಬಂದು ಕೈ ಬೀಸಿದರಾಯಿತು. ಕೋಣೆ ತುಂಬ ಜನವಿದ್ದಾಗ ದೀಪದ ಸ್ವಿಚ್ಚನ್ನು ಒಮ್ಮೆ ಆರಿಸಿ ಹೊತ್ತಿಸುತ್ತಾರೆ. ಮರದ ಮೇಜಾದರೆ ತಟ್ಟಿದ್ದು ಅದರ ಮೇಲಿಟ್ಟ ಮೊಳಕೈಗೆ ತಿಳಿಯುತ್ತದೆ, ಕಡಪಾ ಕಲ್ಲಿನ ನೆಲವನ್ನು ಎಷ್ಟು ಒದ್ದರೂ ಪ್ರಯೋಜನವಿಲ್ಲ. ಹಿಂದಿನಿಂದ ಬಂದು ಎಳೆಯುವುದು, ಗಮನ ಸೆಳೆಯಲು ಪೆನ್ನು ಎಸೆಯುವುದು, ಸನ್ನೆ ಮಾಡುತ್ತಿರುವ ಕೈಯನ್ನು ಹಿಡಿದುಕೊಳ್ಳುವುದು ಬೇಡ. ಕೊನೆಯದಂತೂ ಮಾತಾಡುವವರ ಬಾಯಿ ಮುಚ್ಚಿದ ಹಾಗೆಯೇ.

ಬೆಳಕು ನಿಮ್ಮ ಮುಖದ ಮೇಲೆ ಬೀಳಬೇಕು. ಕಿಟಕಿಗೆ ಬೆನ್ನು ಮಾಡಿ ಕೂತರೆ ನಿಮ್ಮ ಮುಖ ಕಪ್ಪು ನೆರಳು. ಎಲೆ ಅಡಿಕೆ, ಮಾಸ್ಕು, ಬಾಯಿಗೆ ಅಡ್ಡ ಹಿಡಿದ ಫೋನು, ಎಲ್ಲ ಪಕ್ಕಕ್ಕೆ. ಕಿರುಚಬೇಡಿ, ಕಿರುಚಿದಾಗ ತುಟಿಯ ಆಕಾರ ಕೆಡುತ್ತದೆ, ನೋಡುವವರಿಗೆ ನೀವು ಬಯ್ಯುತ್ತಿರುವಂತೆ ಕಾಣುತ್ತದೆ. ಒಂದು ಮಾತು ತಿಳಿಯದಿದ್ದರೆ ಅದನ್ನೇ ಮತ್ತೆ ಮತ್ತೆ ಹೇಳುವ ಬದಲು ಬೇರೆ ಪದ ಹಾಕಿ: ‘ನಾಡಿದ್ದು’ ತಿಳಿಯಲಿಲ್ಲವೇ, ‘ಶುಕ್ರವಾರ’ ಅನ್ನಿ. ಊರಿನ ಹೆಸರು, ಮನುಷ್ಯರ ಹೆಸರು, ತಾರೀಕು, ದುಡ್ಡಿನ ಲೆಕ್ಕ ಇವನ್ನು ಮೊದಲೇ ಬರೆದುಬಿಡಿ. ಇವುಗಳಲ್ಲಿ ಊಹೆ ನಡೆಯುವುದಿಲ್ಲ. ಅವರು ತಲೆಯಾಡಿಸಿದರು ಎಂದಮಾತ್ರಕ್ಕೆ ತಿಳಿಯಿತು ಎಂದುಕೊಳ್ಳಬೇಡಿ. ಸಾಕಾಗಿ ತಲೆಯಾಡಿಸುವುದೂ ಉಂಟು.

ಬರೆದು ಮಾತಾಡುವಾಗ ಒಂದು ಎಚ್ಚರ. ಕನ್ನಡ, ಇಂಗ್ಲಿಷ್ ಎರಡೂ ಅವರಿಗೆ ಕಿವಿಗೆ ಬೀಳದೆ ಪುಸ್ತಕದಿಂದ ಕಲಿತ ಭಾಷೆಗಳು. ವಾಟ್ಸ್‌ಆ್ಯಪಿನಲ್ಲಿ ವಿಭಕ್ತಿ ತಪ್ಪಿತು, ಕ್ರಿಯಾಪದ ಅತ್ತಿತ್ತ ಆಯಿತು ಎಂದರೆ ಬುದ್ಧಿ ಕಡಿಮೆ ಎಂದಲ್ಲ. ಚಿಕ್ಕ ವಾಕ್ಯ ಬರೆಯಿರಿ, ತಿದ್ದಲು ಹೋಗಬೇಡಿ. ದಯವಿಟ್ಟು ವಾಯ್ಸ್ ಮೆಸೇಜ್ ಕಳಿಸಬೇಡಿ. ಅವರಿಗೆ ಫೋನ್ ಎಂದರೆ ವಿಡಿಯೊ ಕಾಲ್. ಆಂಡ್ರಾಯ್ಡ್ ಫೋನುಗಳಿಗೆ ಸಿಗುವ ಗೂಗಲ್‌ನ ಲೈವ್ ಟ್ರಾನ್‌ಸ್ಕ್ರೈಬ್ ಆ್ಯಪು ಕನ್ನಡ ಮಾತನ್ನೂ ಅಕ್ಷರಕ್ಕಿಳಿಸುತ್ತದೆ. ಒಬ್ಬರು ಸ್ಪಷ್ಟವಾಗಿ ಮಾತಾಡಿದರೆ ಉಪಯೋಗಕ್ಕೆ ಬರುತ್ತದೆ, ಹೋಟೆಲಿನ ಗದ್ದಲದಲ್ಲಿ ಏನೇನೋ ಬರೆಯುತ್ತದೆ.

ಶ್ರವಣ ಸಾಧನ ಅಥವಾ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಉಪಕರಣ) ನೋಡಿ ‘ಹಾಗಾದ್ರೆ ಕೇಳಿಸುತ್ತಲ್ಲ’ ಎಂದು ತೀರ್ಮಾನಿಸಬೇಡಿ. ಸಾಧನ ಸದ್ದನ್ನು ದೊಡ್ಡದು ಮಾಡುತ್ತದೆ. ನಿಮ್ಮ ಮಾತಿನ ಜತೆ ಫ್ಯಾನು, ಮಿಕ್ಸಿ, ಹೊರಗಿನ ಹಾರ್ನು ಎಲ್ಲವನ್ನೂ. ‘ಆಪರೇಷನ್ ಮಾಡಿಸಬಹುದಿತ್ತಲ್ವಾ?’ ಎಂಬ ಪ್ರಶ್ನೆಯನ್ನು ಅವರು ಬಾಲ್ಯದಿಂದ ಎಷ್ಟು ಜನರಿಂದ ಕೇಳಿಸಿಕೊಂಡಿರುತ್ತಾರೋ. ನೀವು ಕೇಳದಿದ್ದರೆ ಒಬ್ಬರು ಕಡಿಮೆ.

ಇಬ್ಬರು ಸನ್ನೆಯಲ್ಲಿ ಮಾತಾಡುತ್ತಿದ್ದಾಗ ನಡುವೆ ದಾಟಬೇಕಾಗಿ ಬಂದರೆ ಸುಮ್ಮನೆ ದಾಟಿ ಹೋಗಿ. ನಿಂತು, ಬಗ್ಗಿ, ಕ್ಷಮೆ ಕೇಳುತ್ತ ಕೂತರೆ ಅವರ ಮಾತು ಅಷ್ಟು ಹೊತ್ತು ಕಡಿಯುತ್ತದೆ. ಇನ್ನೊಂದು: ಕಿವುಡರು ನೇರ ಮಾತಿನವರು. ‘ದಪ್ಪ ಆಗಿದ್ದೀಯ’, ‘ಸಂಬಳ ಎಷ್ಟು’ ಎಂದು ಮುಖಕ್ಕೇ ಕೇಳಿಯಾರು. ನಮ್ಮ ಹಳ್ಳಿಯ ಅಜ್ಜಿಯರನ್ನು ಕಂಡವರಿಗೆ ಇದು ಹೊಸದೇನಲ್ಲ.

3. ಮನೆಯಿಂದ ಶುರು ಮಾಡಿ

ಕಿವುಡ ಮಕ್ಕಳಲ್ಲಿ ಬಹುಪಾಲು ಹುಟ್ಟುವುದು ಕಿವಿ ಕೇಳುವ ತಂದೆತಾಯಿಗೆ. ಹೀಗಾಗಿ ದೊಡ್ಡ ಏಕಾಂತ ಇರುವುದು ಬೀದಿಯಲ್ಲಲ್ಲ, ಮನೆಯ ಊಟದ ಹೊತ್ತಿನಲ್ಲಿ. ಹಬ್ಬದ ದಿನ ನೆನಪು ಮಾಡಿಕೊಳ್ಳಿ. ಎಲೆ ಹಾಕಿದೆ, ಚಿಕ್ಕಪ್ಪ ಏನೋ ಹೇಳುತ್ತಾನೆ, ಎಲ್ಲರೂ ನಗುತ್ತಾರೆ. ಕಿವುಡ ಹುಡುಗ ಪಕ್ಕದ ಅಕ್ಕನ ತೋಳು ಮುಟ್ಟಿ ‘ಏನು?’ ಎಂದು ಹುಬ್ಬೇರಿಸುತ್ತಾನೆ. ‘ಏನಿಲ್ಲ ಬಿಡು’. ಇನ್ನೊಮ್ಮೆ ಕೇಳಿದರೆ ‘ಆಮೇಲೆ ಹೇಳ್ತೀನಿ’. ಆ ಆಮೇಲೆ ಬರುವುದಿಲ್ಲ. ಬಂದರೂ ಹತ್ತು ನಿಮಿಷದ ಮಾತು ಒಂದು ವಾಕ್ಯವಾಗಿರುತ್ತದೆ: ‘ಚಿಕ್ಕಪ್ಪನ ಆಫೀಸ್ ವಿಷ್ಯ’. ಕೊಂಚ ಹೊತ್ತಿಗೆ ಹುಡುಗ ಫೋನ್ ತೆಗೆಯುತ್ತಾನೆ. ಆಗ ಯಾರಾದರೂ ಹಿರಿಯರು ‘ನೋಡು, ಯಾರ ಜತೆಗೂ ಬೆರೆಯಲ್ಲ’ ಅನ್ನುತ್ತಾರೆ.

ಯಾರಿಗೂ ಕೆಟ್ಟ ಮನಸ್ಸಿಲ್ಲ. ಆದರೂ ಅಜ್ಜಿ ತೀರಿಕೊಂಡಾಗ ಯಾಕೆ ಹೇಗೆ ಎಂದು ತಿಳಿಯದ, ಜಮೀನು ಮಾರಿದ್ದು ಮಾರಿದ ಮೇಲೆ ಗೊತ್ತಾದ, ಮನೆಯ ಸಂಬಂಧಗಳ ಕತೆಯೇ ಗೊತ್ತಿಲ್ಲದ ದೊಡ್ಡವರು ಬೆಳೆಯುವುದು ಹೀಗೆ. ಮದುವೆ ಮಾತುಕತೆಯಲ್ಲಿ ಹುಡುಗಿಯೇ ಕಿವುಡಿಯಾದರೂ ಆಕೆಯ ಅಭಿಪ್ರಾಯ ಕೇಳದೆ ಬೇರೆಯವರು ಮುಗಿಸಿಬಿಡುವುದುಂಟು.

ಮಾಡಬೇಕಾದದ್ದು ಕಷ್ಟದ್ದಲ್ಲ. ಸಾಲು ಎಲೆಯ ಬದಲು ದುಂಡಗೆ ಕೂರಿ, ಎಲ್ಲರ ಮುಖ ಕಾಣುತ್ತದೆ. ಒಬ್ಬರಾದ ಮೇಲೆ ಒಬ್ಬರು ಮಾತಾಡಿ, ಶುರು ಮಾಡುವ ಮುಂಚೆ ಕೈಯೆತ್ತಿ, ಅವರ ಕಣ್ಣು ನಿಮ್ಮತ್ತ ಹೊರಳಲು ಒಂದು ಕ್ಷಣ ಕೊಡಿ. ತಿನ್ನುತ್ತ ಮಾತಾಡುವ ಮನೆಯಾದರೆ ಕಿವುಡರಿಗೆ ತಟ್ಟೆಯನ್ನೂ ನೋಡಬೇಕು, ಮುಖವನ್ನೂ ನೋಡಬೇಕು. ಅವರ ಊಟ ನಿಧಾನವಾಗುತ್ತದೆ, ಏಳಲು ಅವಸರ ಮಾಡಬೇಡಿ. ನಗೆಯ ಮಾತನ್ನು ತಪ್ಪದೆ ಹೇಳಿ. ಹೇಳುವಷ್ಟರಲ್ಲಿ ನಗೆ ಆರಿಹೋದರೂ ಪರವಾಗಿಲ್ಲ. ಆ ಮಾತಿಗೆ ನಗಬೇಕೋ ಬೇಡವೋ ಎಂಬುದನ್ನು ಅವರೇ ನಿರ್ಧರಿಸಲಿ.

ಪುಟ್ಟ ಮಗುವಿಗೆ ಕಿವಿ ಕೇಳುವುದಿಲ್ಲ ಎಂದು ಈಗಷ್ಟೇ ತಿಳಿದ ತಂದೆತಾಯಿಗೆ ಇನ್ನೊಂದು ಮಾತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಪರೀಕ್ಷೆ, ಸಾಧನ, ತರಬೇತಿ ಎಲ್ಲ ಸಿಗುತ್ತದೆ, ಬೇಗ ಹೋಗಿ. ಆದರೆ ‘ಸನ್ನೆ ಕಲಿಸಿದರೆ ಮಾತು ಬರಲ್ಲ’ ಎಂದು ಯಾರಾದರೂ ಹೆದರಿಸಿದರೆ ಕಿವಿಗೊಡಬೇಡಿ. ಮೊದಲ ಐದು ವರ್ಷದಲ್ಲಿ ಮಗುವಿಗೆ ಪೂರ್ತಿಯಾಗಿ ಸಿಗುವ ಒಂದು ಭಾಷೆ ಬೇಕೇ ಬೇಕು. ಕಿವಿಯಿಂದ ಸಿಗುತ್ತದೋ ಇಲ್ಲವೋ ಎಂದು ಕಾಯುತ್ತ ಆ ವರ್ಷಗಳನ್ನು ಕಳೆದರೆ ಅವು ಮತ್ತೆ ಬರುವುದಿಲ್ಲ. ಕಣ್ಣಿನಿಂದ ಸಿಗುವ ಭಾಷೆಯನ್ನು ಇವತ್ತೇ ಶುರು ಮಾಡಬಹುದು.

ಈ ಹೆದರಿಕೆಗೆ ಹಳೆಯ ಇತಿಹಾಸವಿದೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಕಿವುಡ ಮಕ್ಕಳ ಶಿಕ್ಷಕರ ಸಮ್ಮೇಳನ, ಶಾಲೆಗಳಲ್ಲಿ ಬಾಯಿ ಮಾತೇ ಮೇಲು, ಸನ್ನೆ ಬೇಡ ಎಂದು ನಿರ್ಣಯ ಮಾಡಿತು. ಹಾಗೆ ನಿರ್ಣಯಿಸಿದವರು ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರು. ಅದರ ಗಾಳಿ ನಮ್ಮ ಶಾಲೆಗಳಿಗೂ ಬೀಸಿತು: ತರಗತಿಯಲ್ಲಿ ಕೈ ಕಟ್ಟಿ ಕೂರು, ಹಾಸ್ಟೆಲಿನಲ್ಲಿ ಕದ್ದು ಸನ್ನೆ ಕಲಿ. 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಅದೇ ಸಮ್ಮೇಳನ ಆ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ಸೂಚಿಸಿತು. ಅಷ್ಟರಲ್ಲಿ 130 ವರ್ಷ ಆಗಿಹೋಗಿತ್ತು.

4. ಅವರ ಭಾಷೆ ಕಲಿಯಿರಿ, ಸ್ವಲ್ಪವಾದರೂ

ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲಿ ಅಲೀಪುರ ಎಂಬ ಊರಿದೆ. ಸುಮಾರು ಹತ್ತು ಸಾವಿರ ಜನರ ಈ ಊರಿನಲ್ಲಿ ತಲೆಮಾರುಗಳಿಂದ ಕಿವುಡರ ಸಂಖ್ಯೆ ಹೆಚ್ಚು, ಸುಮಾರು 150. ಅಲ್ಲಿ ಊರಿನದೇ ಆದ ಒಂದು ಸಂಜ್ಞಾ ಭಾಷೆ ಬೆಳೆದಿದೆ. ಭಾಷಾವಿಜ್ಞಾನಿ ಸಿಬಾಜಿ ಪಂಡಾ ಅದನ್ನು ಅಧ್ಯಯನ ಮಾಡಿ ದಾಖಲಿಸಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಇದು: ಆ ಭಾಷೆ ಕಿವುಡರಿಗಷ್ಟೇ ಸೀಮಿತವಾಗಿಲ್ಲ, ಅವರ ಮನೆಯವರು, ನೆರೆಹೊರೆಯವರು, ಕಿವಿ ಕೇಳುವ ಎಷ್ಟೋ ಜನ ಅದನ್ನು ಆಡುತ್ತಾರೆ. ಬೆಂಗಳೂರಿನಿಂದ ನೂರು ಕಿಲೋಮೀಟರ್ ಒಳಗೆ ಇಂಥದ್ದೊಂದು ನಡೆದಿರುವಾಗ ‘ಎಲ್ಲರೂ ಸನ್ನೆ ಕಲಿಯೋದು ಆಗೋ ಮಾತಾ?’ ಎಂದು ಕೇಳುವುದು ಕಷ್ಟ.

ದೇಶದ ಉಳಿದೆಡೆ ನಡೆಯುವುದು ಭಾರತೀಯ ಸಂಜ್ಞಾ ಭಾಷೆ. ಕನ್ನಡವನ್ನೋ ಹಿಂದಿಯನ್ನೋ ಕೈಯಲ್ಲಿ ಬರೆದು ತೋರಿಸುವ ಉಪಾಯ ಇದಲ್ಲ, ತನ್ನದೇ ವ್ಯಾಕರಣ ಇರುವ ಭಾಷೆ. 1970ರ ದಶಕದ ಕೊನೆಯಲ್ಲಿ ಮದನ್ ವಸಿಷ್ಠ (ಅವರೂ ಕಿವುಡರು), ಜೇಮ್ಸ್ ವುಡ್‌ವರ್ಡ್ ಮೊದಲಾದವರು ದೆಹಲಿ, ಕೋಲ್ಕತ್ತ, ಮುಂಬೈ, ಬೆಂಗಳೂರುಗಳ ಸನ್ನೆಗಳನ್ನು ಕಲೆಹಾಕಿ ಹೋಲಿಸಿದರು. ಊರಿಂದೂರಿಗೆ ಪದಗಳಲ್ಲಿ ವ್ಯತ್ಯಾಸವಿತ್ತು, ಆದರೆ ಬುಡ ಒಂದೇ ಎಂದು ಕಂಡುಬಂತು. ನಮ್ಮ ಹತ್ತಾರು ನುಡಿಗಳ ನಾಡಿನಲ್ಲಿ ಬೆಂಗಳೂರಿನ ಕಿವುಡ ಹುಡುಗ ಕೋಲ್ಕತ್ತದ ಕಿವುಡ ಹುಡುಗಿಯೊಡನೆ ಹೆಚ್ಚು ತಡಕಾಡದೆ ಹರಟಬಲ್ಲ. ಕೇಳುವ ನಮಗೆ ಆ ಭಾಗ್ಯವಿಲ್ಲ.

ಕನ್ನಡಿಗರಿಗೆ ಇದನ್ನು ಕಲಿಯುವುದರಲ್ಲಿ ಒಂದು ಅನುಕೂಲವೂ ಇದೆ. ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಪ್ರಶ್ನೆಯ ಪದವೂ ಕೊನೆಗೇ: ‘ನಿನ್ನ ಹೆಸರು ಏನು’ ಎಂಬ ಕನ್ನಡದ ಜೋಡಣೆ ಅಲ್ಲಿಯೂ ನಡೆಯುತ್ತದೆ. ಕಷ್ಟವಾಗುವುದು ಮುಖ. ಹುಬ್ಬು, ಕಣ್ಣು, ತಲೆಯ ಓಲಾಟ ಎಲ್ಲ ವ್ಯಾಕರಣದ ಭಾಗ. ಪ್ರಶ್ನೆಯೋ ಹೇಳಿಕೆಯೋ ಎಂಬುದು ಹುಬ್ಬಿನಿಂದ ಗೊತ್ತಾಗಬೇಕು. ಮುಖ ಬಿಗಿದುಕೊಂಡು ಕೈ ಮಾತ್ರ ಆಡಿಸುವವರ ಮಾತು ಅವರಿಗೆ ಏರಿಳಿತವಿಲ್ಲದ ಒಣ ಮಾತಿನಂತೆ ಕಾಣುತ್ತದೆ. ಯಕ್ಷಗಾನ, ನಾಟಕದ ಗೀಳಿರುವವರು ಬೇಗ ಕಲಿಯುತ್ತಾರೆ ಎಂಬುದು ನನ್ನ ಗುಮಾನಿ.

ಶುರು ಮಾಡುವುದು ಹೀಗೆ. ಮೊದಲು ಇಂಗ್ಲಿಷ್ ಅಕ್ಷರಗಳ ಬೆರಳಕ್ಷರ ಕಲಿಯಿರಿ. ಹೆಸರು, ಊರು ಹೇಳಲು ಬೇಕು. ಭಾರತೀಯ ಬೆರಳಕ್ಷರಕ್ಕೆ ಎರಡೂ ಕೈ ಬಳಸುತ್ತಾರೆ. ಐದು ಸ್ವರಾಕ್ಷರಗಳು ಒಂದು ಕೈಯ ಐದು ಬೆರಳ ತುದಿಯಲ್ಲಿವೆ: ಹೆಬ್ಬೆರಳ ತುದಿ ಮುಟ್ಟಿದರೆ ಎ, ತೋರುಬೆರಳು ಇ, ನಡುಬೆರಳು ಐ, ಉಂಗುರಬೆರಳು ಒ, ಕಿರುಬೆರಳು ಯು. ಇಷ್ಟು ನಿಮಗೆ ಈಗಲೇ ಬಂತು. ರೀಲ್ಸ್‌ಗಳಲ್ಲಿ ಬರುವ ಒಂದೇ ಕೈಯ ಅಕ್ಷರಮಾಲೆ ಬಹುತೇಕ ಅಮೆರಿಕದ್ದು. ಅದನ್ನು ಕಲಿತು ಬಂದು ಇಲ್ಲಿ ತೋರಿಸಿದರೆ ಎಲ್ಲರಿಗೂ ತಿಳಿಯುವುದಿಲ್ಲ.

ಆಮೇಲೆ ನಮಸ್ಕಾರ, ಹೆಸರು, ಊಟ, ನೀರು, ಕೆಲಸ, ಮನೆ, ಯಾವಾಗ, ಎಲ್ಲಿ, ಗೊತ್ತಿಲ್ಲ, ಮತ್ತೊಮ್ಮೆ ಹೇಳಿ, ಇಷ್ಟು. ‘ಮತ್ತೊಮ್ಮೆ ಹೇಳಿ’ ಬಹಳ ಬೇಕಾಗುತ್ತದೆ. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2015ರಲ್ಲಿ ಸ್ಥಾಪನೆಯಾಯಿತು. ಅದರ ವಿಡಿಯೊ ನಿಘಂಟು 2018ರಲ್ಲಿ 3,000 ಪದಗಳಿಂದ ಆರಂಭವಾಗಿ 2021ರ ಹೊತ್ತಿಗೆ 10,000 ಮುಟ್ಟಿತು, ಯೂಟ್ಯೂಬಿನಲ್ಲಿ ಉಚಿತ. ಆದರೆ ನಿಘಂಟು ನೋಡಿ ಯಾರೂ ಭಾಷೆ ಕಲಿತಿಲ್ಲ. ಕಿವುಡ ಶಿಕ್ಷಕರಿಂದಲೇ ಕಲಿಯಿರಿ, ಅವರಿಗೆ ಸರಿಯಾದ ಶುಲ್ಕ ಕೊಡಿ. ನಾಲ್ಕು ವಾರ ಕಲಿತವರು ಇನ್‌ಸ್ಟಾಗ್ರಾಂನಲ್ಲಿ ‘ಸೈನ್ ಕಲಿಯಿರಿ’ ಎಂದು ಪಾಠ ಶುರು ಮಾಡುವುದು ಈಚೆಗೆ ಒಂದು ಪಿಡುಗಾಗಿದೆ. ಕಿವುಡರ ಹೊಟ್ಟೆಪಾಡಿನ ಕೆಲಸ ಅದು, ಅವರಿಗೇ ಬಿಡಿ.

ಒಡನಾಟ ಬೆಳೆದ ಮೇಲೆ ಅವರು ನಿಮಗೊಂದು ಸನ್ನೆ ಹೆಸರು ಇಟ್ಟಾರು: ಕೆನ್ನೆಯ ಗುಳಿಯೋ, ಕನ್ನಡಕವೋ, ಕೂದಲು ಹಿಂದಕ್ಕೆ ತಳ್ಳುವ ಚಾಳಿಯೋ ಅದರಲ್ಲಿ ಇರುತ್ತದೆ. ಅದನ್ನು ನೀವೇ ಇಟ್ಟುಕೊಳ್ಳುವ ಹಾಗಿಲ್ಲ. ಇಟ್ಟ ಹೆಸರು ಇಷ್ಟವಾಗದಿದ್ದರೂ ಸಾಮಾನ್ಯವಾಗಿ ಅದೇ ಗಟ್ಟಿ.

5. ದುಭಾಷಿ ಇದ್ದಾಗ

2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಸುಪ್ರೀಂ ಕೋರ್ಟಿನ ಕಲಾಪದಲ್ಲಿ ಸಂಜ್ಞಾ ಭಾಷಾ ದುಭಾಷಿಯ ಮೂಲಕ ಹಾಜರಾದರು. ವಿಡಿಯೊ ಕಲಾಪದ ಪರದೆಯಲ್ಲಿ ದುಭಾಷಿಗೂ ಜಾಗ ಬೇಕು ಎಂಬುದೇ ಮೊದಲು ಒಂದು ಪ್ರಶ್ನೆಯಾಯಿತು; ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅದಕ್ಕೆ ಅವಕಾಶ ಕೊಟ್ಟರು. 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟಿನಲ್ಲೂ ಅವರು ಹಾಗೆಯೇ ವಾದ ಮಂಡಿಸಿದರು. ದೇಶದ ಅತಿ ದೊಡ್ಡ ಕೋರ್ಟಿಗೆ ಆಗುವುದಾದರೆ ನಿಮ್ಮ ಅಪಾರ್ಟ್‌ಮೆಂಟಿನ ಮೀಟಿಂಗಿಗೂ ಆದೀತು.

ದುಭಾಷಿ ಬಂದಾಗ ಕಿವುಡರ ಮುಖ ನೋಡಿ ಮಾತಾಡಿ. ‘ಅವರಿಗೆ ಹೇಳಿ, ನಾಳೆ ಬರಬೇಕು ಅಂತ’ ಅನ್ನಬೇಡಿ. ‘ನೀವು ನಾಳೆ ಬನ್ನಿ’ ಅನ್ನಿ. ದುಭಾಷಿ ಭಾಷಣಕಾರರ ಪಕ್ಕದಲ್ಲೇ ನಿಲ್ಲಲಿ, ಎರಡನ್ನೂ ಒಟ್ಟಿಗೆ ನೋಡುವಂತಿರಬೇಕು. ಹಿಂದಿನ ಗೋಡೆ ಗಿಜಿಗಿಜಿ ಇಲ್ಲದೆ ಸಾದಾ ಬಣ್ಣದ್ದಿದ್ದರೆ ಒಳ್ಳೆಯದು. ಒಂದು ಗಂಟೆ ಮೀರುವ ಕಾರ್ಯಕ್ರಮಕ್ಕೆ ಇಬ್ಬರು ಬೇಕು, ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಭಾಷಣದ ಪ್ರತಿ, ಹೆಸರುಗಳ ಪಟ್ಟಿ, ಹಾಡಲಿರುವ ವಚನದ ಸಾಲು ಮುಂಚಿತವಾಗಿ ಕೊಡಿ. ‘ಎನಗಿಂತ ಕಿರಿಯರಿಲ್ಲ’ ಎಂಬುದನ್ನು ನಿಂತ ನಿಲುವಿನಲ್ಲಿ ಸನ್ನೆಗೆ ತರುವುದು ಹುಡುಗಾಟವಲ್ಲ.

ಕಿವುಡ ತಂದೆತಾಯಿಯ ಕೇಳುವ ಮಗುವನ್ನು ದುಭಾಷಿಯಾಗಿ ಬಳಸಿಕೊಳ್ಳುವುದು ನಮ್ಮಲ್ಲಿ ಬಹಳ. ಬ್ಯಾಂಕಿನಲ್ಲಿ ಸಾಲದ ಮಾತು, ಆಸ್ಪತ್ರೆಯಲ್ಲಿ ಅಪ್ಪನ ಕ್ಯಾನ್ಸರ್ ಸುದ್ದಿ, ಎಲ್ಲ ಎಂಟು ಹತ್ತು ವರ್ಷದ ಮಗುವಿನ ಬಾಯಲ್ಲಿ ಹಾಯಬೇಕು. ಅದು ತಪ್ಪಬೇಕು. ತುರ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಮಗುವನ್ನು ಆಟಕ್ಕೆ ಕಳಿಸಿ, ಪೆನ್ನು ಕಾಗದ ತೆಗೆಯಿರಿ.

6. ಅಂಗಡಿ, ಬಸ್ಸು, ಆಫೀಸು

ಅಂಗಡಿಯವರಿಗೆ: ಬಿಲ್ಲಿನ ಮೊತ್ತವನ್ನು ಕ್ಯಾಲ್ಕ್ಯುಲೇಟರಿನಲ್ಲಿ ತೋರಿಸಿ. ಟೋಕನ್ ಕೂಗುವ ಹೋಟೆಲಿನಲ್ಲಿ ನಂಬರ್ ತೋರಿಸುವ ಬೋರ್ಡ್ ಹಾಕಿ, ಕಿವಿ ಕೇಳುವ ಗಿರಾಕಿಗಳಿಗೂ ಅನುಕೂಲ. ಕಂಡಕ್ಟರು ಚಿಲ್ಲರೆ ಬಾಕಿಯನ್ನು ಟಿಕೆಟಿನ ಹಿಂದೆ ಬರೆಯುತ್ತಾರಲ್ಲ, ಆ ಹಳೆಯ ಅಭ್ಯಾಸ ಇಲ್ಲಿ ಚೆನ್ನಾಗಿ ಒದಗುತ್ತದೆ. ಡ್ರೈವರುಗಳಿಗೆ ಒಂದೇ ಮಾತು: ಹಾರ್ನ್ ಹೊಡೆದರೂ ಸರಿಯದವರೆಲ್ಲ ಸೊಕ್ಕಿನವರಲ್ಲ.

ಆಫೀಸಿನಲ್ಲಿ ವಿಷಯ ಸ್ವಲ್ಪ ಉದ್ದ. ಸರ್ಕಾರಿ ನೌಕರಿಯಲ್ಲಿ ಅಂಗವಿಕಲರಿಗೆ 4% ಮೀಸಲಿದೆ, ಅದರಲ್ಲಿ 1% ಕಿವುಡರಿಗೆ ಮತ್ತು ಮಂದ ಕಿವಿಯವರಿಗೆ. ಕೆಲಸ ಕೊಟ್ಟ ಮೇಲೆ ಮೂಲೆಯಲ್ಲೊಂದು ಕಂಪ್ಯೂಟರ್ ಕೊಟ್ಟು ಮರೆತುಬಿಡುವುದು ಎಷ್ಟೋ ಕಡೆಯ ರೂಢಿ, ಖಾಸಗಿಯಲ್ಲೂ. ಅವರ ಮೇಜು ಬಾಗಿಲಿಗೆ ಮುಖ ಮಾಡಿರಲಿ. ಮೀಟಿಂಗಿನ ವಿಷಯಪಟ್ಟಿ ಹಿಂದಿನ ದಿನವೇ ಕಳಿಸಿ, ತೀರ್ಮಾನಗಳನ್ನು ಅಂದೇ ಬರೆದು ಹಂಚಿ. ವಿಡಿಯೊ ಮೀಟಿಂಗಿನಲ್ಲಿ ಕ್ಯಾಮೆರಾ ಆನ್ ಇರಲಿ. ಬೆಂಕಿಯ ಅಲಾರಮ್ಮಿಗೆ ಮಿನುಗುವ ದೀಪ ಜೋಡಿಸಿ. ಶೌಚಾಲಯದ ಒಳಗೂ, ಅಲ್ಲಿ ಬಂದು ತಟ್ಟಿ ಹೇಳುವವರಿರುವುದಿಲ್ಲ. ಬಡ್ತಿಯ ಸುಳಿವು, ಹೊಸ ಪ್ರಾಜೆಕ್ಟಿನ ಗಾಳಿಸುದ್ದಿ, ಯಾರ ಮೇಲೆ ಯಾರಿಗೆ ಮುನಿಸು, ಇವೆಲ್ಲ ಹುಟ್ಟುವುದು ಟೀ ಅಂಗಡಿಯ ಮುಂದೆ. ಕಿವುಡ ಸಹೋದ್ಯೋಗಿಯನ್ನು ಟೀಗೆ ಕರೆದುಕೊಂಡು ಹೋಗಿ, ಅಲ್ಲಿ ಆಡಿದ್ದನ್ನು ಫೋನಿನಲ್ಲಿ ಟೈಪ್ ಮಾಡಿ ತೋರಿಸಿ. ಕಚೇರಿ ರಾಜಕೀಯದಲ್ಲಿ ಅವರಿಗೂ ಪಾಲು ಬೇಡವೇ?

7. ಆಸ್ಪತ್ರೆ, ಪೊಲೀಸ್ ಠಾಣೆ

ಇಲ್ಲಿ ತಪ್ಪಾದರೆ ಪ್ರಾಣಕ್ಕೋ ನ್ಯಾಯಕ್ಕೋ ಕುತ್ತು. ಆಸ್ಪತ್ರೆಯವರು ಚೀಟಿಯ ಮೇಲೆ ದೊಡ್ಡದಾಗಿ ‘ಕಿವುಡರು, ಕೂಗಬೇಡಿ, ಬಂದು ಕರೆಯಿರಿ’ ಎಂದು ಬರೆಯಲಿ. ಡಾಕ್ಟರು ಮಾಸ್ಕ್ ಇಳಿಸಿ ಮಾತಾಡಲಿ, ಸೋಂಕಿನ ಭಯವಿದ್ದರೆ ದೂರ ನಿಂತು. ಮಾತ್ರೆಯ ವಿಷಯ ಬರೆದೇ ಕೊಡಬೇಕು: ಯಾವುದು, ಎಷ್ಟು, ಊಟಕ್ಕೆ ಮುಂಚೆಯೋ ಆಮೇಲೋ. ಆಪರೇಷನ್ ಒಪ್ಪಿಗೆ ಪತ್ರಕ್ಕೆ ಜತೆಯಲ್ಲಿ ಬಂದ ಅಣ್ಣನ ಸಹಿ ಹಾಕಿಸಿಕೊಂಡು ಮುಗಿಸಬೇಡಿ, ದೇಹ ರೋಗಿಯದು. ಹೆರಿಗೆಯ ಹೊತ್ತಿನಲ್ಲಿ, ಸ್ಕ್ಯಾನಿಂಗಿನ ಹೊತ್ತಿನಲ್ಲಿ ‘ಉಸಿರು ಹಿಡಿಯಿರಿ, ಬಿಡಿ’ ಎಂಬುದಕ್ಕೆ ಮೊದಲೇ ಒಂದು ಕೈ ಸನ್ನೆ ಮಾತಾಡಿಕೊಂಡಿರಬೇಕು. ಡ್ರಿಪ್ ಹಾಕುವಾಗ ಯಾವ ಕೈ ಎಂದು ಕೇಳಿ. ಸನ್ನೆ ಮಾಡುವ, ಬರೆಯುವ ಕೈಯನ್ನೇ ಕಟ್ಟಿಹಾಕಿದರೆ ಅವರ ಮಾತೇ ನಿಂತುಹೋಗುತ್ತದೆ.

ಠಾಣೆಯಲ್ಲಿ ಮನೆಯವರನ್ನೇ ದುಭಾಷಿ ಮಾಡುವುದು ಅಪಾಯ, ದೂರು ಅವರ ಮೇಲೆಯೇ ಇರಬಹುದು. ಅಂಗವಿಕಲ ಹೆಣ್ಣುಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯವಾದಾಗ ಹೇಳಿಕೆಯನ್ನು ಅವರ ಮನೆಯಲ್ಲಿ ಅಥವಾ ಅವರಿಗೆ ಅನುಕೂಲವಾದ ಕಡೆ, ದುಭಾಷಿ ಅಥವಾ ವಿಶೇಷ ಶಿಕ್ಷಕರ ಎದುರು ಪಡೆಯಬೇಕು, ವಿಡಿಯೊ ಚಿತ್ರೀಕರಣ ಮಾಡಬೇಕು ಎಂದು 2013ರ ಕಾನೂನು ತಿದ್ದುಪಡಿಯಿಂದಲೇ ಇದೆ. ಇದು ಗೊತ್ತಿದ್ದವರೊಬ್ಬರು ಜತೆಗೆ ಹೋದರೆ ಠಾಣೆಯ ಧಾಟಿ ಬದಲಾಗುತ್ತದೆ. ಹೋದವರು ನೀವಾದರೆ ಕಾನೂನನ್ನು ನೆನಪಿಸಿ ಪಕ್ಕಕ್ಕೆ ಸರಿಯಿರಿ. ಕತೆ ಹೇಳಬೇಕಾದವರು ಆಕೆ.

8. ಕಾರ್ಯಕ್ರಮ ಮಾಡುವಾಗ

ಪ್ರತಿ ವರ್ಷ ಸೆಪ್ಟೆಂಬರ್ 23 ಅಂತರರಾಷ್ಟ್ರೀಯ ಸಂಜ್ಞಾ ಭಾಷೆಗಳ ದಿನ. ವಿಶ್ವಸಂಸ್ಥೆ 2017ರಲ್ಲಿ ಘೋಷಿಸಿತು, 2018ರಿಂದ ಆಚರಣೆ. ಅಂದು ವೇದಿಕೆಯ ಮೇಲೆ ಆರು ಜನ ಕೇಳುವವರು ಭಾಷಣ ಮಾಡಿ, ಕಿವುಡ ಮಕ್ಕಳಿಂದ ಒಂದು ಹಾಡಿಗೆ ನೃತ್ಯ ಮಾಡಿಸಿ, ಶಾಲು ಹೊದಿಸಿ ಕಳಿಸುವ ಕಾರ್ಯಕ್ರಮಗಳು ಸಾಕಷ್ಟಾಗಿವೆ. ಅದಕ್ಕಿಂತ ಊರಿನ ಮಾಮೂಲು ಕಾರ್ಯಕ್ರಮಗಳಿಗೆ, ಕನ್ನಡ ರಾಜ್ಯೋತ್ಸವಕ್ಕೆ, ನಾಟಕಕ್ಕೆ, ಗ್ರಾಮಸಭೆಗೆ ಅವರು ಬಂದು ಕೂರುವಂತೆ ಮಾಡುವುದು ಮೇಲು.

ಯೋಜನೆಯ ಮೊದಲ ಸಭೆಗೇ ಇಬ್ಬರು ಕಿವುಡರನ್ನು ಕರೆಯಿರಿ. ಒಬ್ಬರನ್ನೇ ಕರೆದರೆ ಆ ಸಭೆಯಲ್ಲಿ ಅವರು ಒಂಟಿ. ಖರ್ಚಿನ ಪಟ್ಟಿಯಲ್ಲಿ ಶಾಮಿಯಾನ, ಮೈಕು, ಊಟದ ಜತೆಗೆ ದುಭಾಷಿ ಎಂಬ ಸಾಲನ್ನೂ ಬರೆಯಿರಿ. ಮೈಕಿನ ಬಾಡಿಗೆಗೆ ಯಾರೂ ಚೌಕಾಸಿ ಮಾಡಿ ‘ಸೇವೆ ಅಂದ್ಕೊಳ್ಳಿ’ ಅನ್ನುವುದಿಲ್ಲ, ಇಲ್ಲಿಯೂ ಬೇಡ. ಕರಪತ್ರದಲ್ಲಿ ‘ಸಂಜ್ಞಾ ಭಾಷೆ ವ್ಯವಸ್ಥೆ ಇದೆ’ ಎಂದು ಹಾಕಿ, ಕರೆ ಮಾಡಲು ಕೊಟ್ಟ ನಂಬರಿನ ಪಕ್ಕ ‘ವಾಟ್ಸ್‌ಆ್ಯಪ್ ಮೆಸೇಜ್ ಕಳಿಸಬಹುದು’ ಎಂದು ಸೇರಿಸಿ. ಮುಂದಿನ ಸಾಲಿನಲ್ಲಿ, ದುಭಾಷಿ ಕಾಣುವ ಕಡೆ ಜಾಗ ಬಿಡಿ. ಗಣ್ಯರು ಬಂದರೆಂದು ಅವರನ್ನು ಎಬ್ಬಿಸಬೇಡಿ. ನಾಟಕದಲ್ಲಿ ದೀಪ ಆರಿಸುವಾಗ ದುಭಾಷಿಯ ಮೇಲೆ ಒಂದು ಸಣ್ಣ ಬೆಳಕು ಉಳಿಯಲಿ. ಕಾರ್ಯಕ್ರಮವನ್ನು ಯೂಟ್ಯೂಬಿಗೆ ಹಾಕುವುದಾದರೆ ಕನ್ನಡದಲ್ಲಿ ಅಡಿಬರಹ ಕೊಡಿ, ಯಂತ್ರ ತಾನಾಗಿ ಬರೆದದ್ದನ್ನು ಒಮ್ಮೆ ಓದಿ ತಿದ್ದಿ. ಚಪ್ಪಾಳೆಯ ಹೊತ್ತಿಗೆ ಎರಡೂ ಕೈ ಮೇಲೆತ್ತಿ ಅಂಗೈ ಆಡಿಸಿ. ಕಿವುಡರ ಚಪ್ಪಾಳೆ ಅದು, ಸಭಿಕರಿಗೆ ಮೊದಲೇ ಒಮ್ಮೆ ಹೇಳಿಕೊಟ್ಟರೆ ಮಕ್ಕಳಂತೂ ಖುಷಿಯಿಂದ ಮಾಡುತ್ತಾರೆ.

ಹಾಲ್‌ನ ಬಾಡಿಗೆ ಹೊತ್ತು ಮುಗಿಯುವುದಕ್ಕೆ ಅರ್ಧ ಗಂಟೆ ಮುಂಚೆ ಕಾರ್ಯಕ್ರಮ ಮುಗಿಸಿ. ಕಿವುಡರು ಬೀಳ್ಕೊಳ್ಳುವುದು ಸಾವಕಾಶ. ಬಾಗಿಲ ಬಳಿ, ಮೆಟ್ಟಿಲ ಮೇಲೆ, ಬೀದಿ ದೀಪದ ಕೆಳಗೆ ಮಾತು ಮುಂದುವರಿಯುತ್ತದೆ. ವಾಚ್‌ಮನ್ನಿಗೆ ಮೊದಲೇ ಹೇಳಿಡಿ, ಹೊರಗಿನ ದೀಪಗಳನ್ನು ಬೇಗ ಆರಿಸಬೇಡ ಅಂತ.